ಬೆನ್ನ ಹಿಂದಿನ ಗಾಳಿ

"ಅಜ್ಜಿ, ನಾನು ಉಟ್ಟ ಬಟ್ಟೆಯಲ್ಲೇ ಮನೆ ಬಿಟ್ಟು ಬಂದವನು. ಹಿರಿಯರ ಮಾತು ಕೇಳಲಿಲ್ಲ. ಆದರೂ ದಡ ಸೇರಿದೆ. ನನ್ನ ಹಾಗೇ ಮಾಡಿ ಎಂದು ಹುಡುಗರಿಗೆ ಹೇಳಬಹುದೇ?" ಎಂದು ಶಿಷ್ಯ ಕೇಳಿದ.

ಅಜ್ಜಿ ನಕ್ಕಳು. "ನಿಂತು ಕೇಳುವ ಪ್ರಶ್ನೆಯಲ್ಲ ಮಗಾ ಇದು. ಕೂತುಕೋ, ಆ ಕಂಬಕ್ಕೆ ಬೆನ್ನು ಕೊಡು. ನಡುವೆ ಬಾಯಿ ಹಾಕಬೇಡ."

ವಿಮಾನ ಹಾರಿಸುವ ಒಬ್ಬ ಯೋಧನಿದ್ದ. ಮೀಸೆ ಸರಿಯಾಗಿ ಬಲಿಯುವ ಮೊದಲೇ ಅವನಿಗೆ ಮೊದಲ ಯುದ್ಧ ಬಂತು. ಶತ್ರುವಿನ ಸೇತುವೆ ಮುರಿಯಲು ಹಾರಿದ. ಅರ್ಧ ದಾರಿಯಲ್ಲಿ ಮೇಲಧಿಕಾರಿ ರೇಡಿಯೋದಲ್ಲಿ ಕೂಗಿದ: "ಮುಂದೆ ಹೋದರೆ ಮರಳೋಕೆ ಎಣ್ಣೆ ಸಾಲದು. ತಿರುಗಿ ಬಾ."

"ಕೇಳಿಸ್ತಿಲ್ಲ ಸಾರ್," ಎಂದ ಇವನು. ಮುಂದೆ ಹೋದ, ಸೇತುವೆ ಮುರಿದ, ಮರಳಿಯೂ ಬಂದ. ಬೈಯಬೇಕಾದವರು ಬೆನ್ನು ತಟ್ಟಿದರು. ಎದೆಗೆ ಪದಕ ಏರಿತು.

ಪದಕದ ಹಿಂದೆ ಪದವಿಗಳು ಬಂದವು. ತಲೆ ನರೆಯುವ ಹೊತ್ತಿಗೆ ಇಡೀ ವಿಮಾನ ನೆಲೆಯೇ ಅವನ ಕೈಕೆಳಗಿತ್ತು. ಹಗಲೆಲ್ಲ ಹುಡುಗರಿಗೆ, "ಆಜ್ಞೆ ಮೀರಬೇಡಿ," ಎಂದು ಗದರುತ್ತಿದ್ದ. ಸಂಜೆ ಊಟಕ್ಕೆ ಕೂತಾಗ ಅದೇ ಹುಡುಗರು, "ಸಾರ್, ಸೇತುವೆ ಕತೆ," ಎಂದು ಗಂಟು ಬೀಳುತ್ತಿದ್ದರು. "ಕೇಳಿಸ್ತಿಲ್ಲ ಸಾರ್" ಎಂಬಲ್ಲಿಗೆ ಬಂದಾಗ ಅವನೂ ನಗುತ್ತಿದ್ದ, ಅವರೂ ಬಿದ್ದು ಬಿದ್ದು ನಗುತ್ತಿದ್ದರು.

ಎರಡನೆಯ ಯುದ್ಧ ಬಂತು. ಈಗ ರೇಡಿಯೋ ಹಿಡಿದು ನೆಲದ ಮೇಲೆ ಕೂತವನು ಅವನೇ. ಆಕಾಶದಲ್ಲಿ ಒಬ್ಬ ವಿಧವೆಯ ಮಗ.

"ಎಣ್ಣೆ ಸಾಲದು, ತಿರುಗಿ ಬಾರೋ!" ಎಂದು ಕೂಗಿದ.

"ಕೇಳಿಸ್ತಿಲ್ಲ ಸಾರ್."

ಆ ದನಿಯಲ್ಲಿ ನಗುವಿತ್ತು. ಹುಡುಗ ಗುರಿಗೆ ಹೊಡೆದ. ಮರಳಿ ಬರಲಿಲ್ಲ.

ಕೆಲವು ದಿನಗಳಾದ ಮೇಲೆ ಹುಡುಗನ ತಾಯಿ ಬಂದಳು. ಕುರ್ಚಿ ಕೊಟ್ಟರೆ ಕೂರಲಿಲ್ಲ. "ನನ್ನ ಮಗ ಮಾಡಿದ್ದು ಸರಿಯೋ ತಪ್ಪೋ, ಒಂದು ಮಾತು ಹೇಳಿಬಿಡಿ ಸಾಹೇಬ್ರೆ. ಕೇಳಿಕೊಂಡು ಹೊರಟುಬಿಡ್ತೀನಿ."

ಅಧಿಕಾರಿಯೂ ಕುರ್ಚಿಯಿಂದ ಎದ್ದು ನಿಂತ. ತಪ್ಪು ಎಂದರೆ, ತನ್ನ ಎದೆಯ ಮೇಲಿನ ಪದಕ ಯಾತರದು? ಸರಿ ಎಂದರೆ, ಹೊರಗೆ ವಿಮಾನ ಹತ್ತಲು ನಿಂತ ಹುಡುಗರಿಗೆ ನಾಳೆ ಏನು ಹೇಳುವುದು? ಮಾಡಿದ್ದು ಇಬ್ಬರೂ ಒಂದೇ. ಒಬ್ಬ ಮನೆ ಸೇರಿದ, ಒಬ್ಬ ಮಣ್ಣು ಸೇರಿದ. ಯಾವ ಕೋಲು ಹಿಡಿದು ಅಳೆಯುವುದು?

ಕೊನೆಗೆ, "ನಾನು ಮಾಡಿದ್ದನ್ನೇ ಅವನೂ ಮಾಡಿದ ತಾಯಿ," ಎಂದ.

"ಅದು ಗೊತ್ತು. ರಜಕ್ಕೆ ಬಂದಾಗಲೆಲ್ಲ ನಿಮ್ಮ ಸೇತುವೆ ಕತೆ ಹೇಳಿ ನಗಿಸೋನು. ಎಣ್ಣೆ ಸಾಲದೆ ನೀವು ಹೇಗೆ ಬಂದ್ರಿ?"

"ಅವತ್ತು... ಹಿಂದಿನಿಂದ ಜೋರು ಗಾಳಿ ಎದ್ದಿತು. ಅದೇ ನನ್ನನ್ನು ತಳ್ಳಿಕೊಂಡು ಬಂತು."

ತಾಯಿ ಅವನ ಮುಖವನ್ನೇ ನೋಡಿದಳು. "ಗಾಳಿಯೇ? ಆ ಗಾಳಿಯ ವಿಷಯ ನನ್ನ ಮಗ ಹೇಳಲೇ ಇಲ್ಲವಲ್ಲ!"

ಹುಡುಗ ಹೇಗೆ ಹೇಳಿಯಾನು? ಅಧಿಕಾರಿ ಅದನ್ನು ಎಂದೂ ಹೇಳಿರಲಿಲ್ಲ. ಮುಚ್ಚಿಡಬೇಕೆಂದಲ್ಲ. ಗಾಳಿ ನುಗ್ಗಿದರೆ ಕತೆಯ ರುಚಿ ಕೆಡುತ್ತಿತ್ತು, ಅಷ್ಟೇ. ಹೇಳಿದ್ದರೆ ಹುಡುಗ ತಿರುಗಿ ಬರುತ್ತಿದ್ದನೇ?

ಆ ತಾಯಿ ಉತ್ತರ ಸಿಗದೆಯೇ ಊರಿಗೆ ಹೋದಳು. ಮಗನಿಗೂ ಪದಕ ಬಂತು. ಅದನ್ನು ಅಕ್ಕಿ ಡಬ್ಬದಲ್ಲಿ ಹೂತಿಟ್ಟಳು. ಅಧಿಕಾರಿ ಅಂದು ಮುರಿದ ಸೇತುವೆಯನ್ನು ಆ ಕಡೆಯವರು ಎಂದೋ ಮತ್ತೆ ಕಟ್ಟಿಕೊಂಡಿದ್ದರು. ಅಧಿಕಾರಿ ಇನ್ನೂ ದೊಡ್ಡ ಅಧಿಕಾರಿಯಾಗಿ, ನಿವೃತ್ತನಾಗಿ, ಮುದುಕನಾದ. ಬೀದಿಯ ಮಕ್ಕಳು "ತಾತಾ, ಸೇತುವೆ ಕತೆ" ಎಂದರೆ ಗಾಳಿಯಿಂದಲೇ ಶುರು ಮಾಡುತ್ತಿದ್ದ. ಮಕ್ಕಳು ಆಕಳಿಸಿ ಎದ್ದು ಆಡಲು ಓಡುತ್ತಿದ್ದರು. ಅವನು ಗೋಡೆಗೆ ಮಿಕ್ಕ ಕತೆ ಹೇಳಿ ಮುಗಿಸುತ್ತಿದ್ದ.

ಅಜ್ಜಿ ಸೆರಗು ಸರಿಮಾಡಿಕೊಂಡು ಶಿಷ್ಯನ ಕಡೆ ತಿರುಗಿದಳು.

"ಈಗ ಹೇಳು ಮಗಾ, ನೀನು ಮನೆ ಬಿಟ್ಟ ದಿನ ನಿನ್ನ ಬೆನ್ನಿಗೆ ಬೀಸಿದ್ದು ಯಾವ ಗಾಳಿ?"