ಕೊಡವಿಲ್ಲದೆ ಬಾರಿಸಿದ ಗಂಟೆ

ಹತ್ತಿರ ಬನ್ನಿ ಮಕ್ಕಳೇ, ಬಾಯಿ ಮುಚ್ಚಿ ಕಿವಿ ತೆರೆಯಿರಿ.

ಏಳುಕಲ್ಲೂರು ಅಂತ ಒಂದು ರಾಜ್ಯ. ಅಲ್ಲಿಗೆ ಮಾಚರಸ ರಾಜ, ದೇವೀರಮ್ಮ ರಾಣಿ. ರಾಜ ಒಳ್ಳೆಯವನೇ, ಪಾಪ. ಆದರೆ ‘ಎಲ್ಲ ಸರಿಯಿದೆ’ ಅಂದವರಿಗೆಲ್ಲ ಶಾಲು ಹೊದಿಸಿಬಿಡುತ್ತಿದ್ದ.

ಅಲ್ಲೊಂದು ದೊಡ್ಡ ಕೆರೆ, ಕೆರೆಯ ಕೆಳಗೊಂದು ಹಳ್ಳಿ. ರಾಜನ ಮಗಳು ಗೌರಾಜಿಯನ್ನು ಆ ಹಳ್ಳಿಗೇ ಕೊಟ್ಟಿದ್ದರು. ಅವಳ ಮನೆಯಲ್ಲಿ ತೊಟ್ಟಿಲ ಕೂಸು. ಕೆರೆಯಲ್ಲಿ ಖಾಲಿ ಕೊಡ ತೇಲಿಬಿಟ್ಟು, ಅದರ ಹಗ್ಗವನ್ನು ಹಳ್ಳಿ ಮಂಟಪದ ಗಂಟೆಗೆ ಕಟ್ಟಿದ್ದರು. ನೀರು ಉಕ್ಕಿದರೆ ಕೊಡ ಏರಬೇಕು, ಹಗ್ಗ ಜಗ್ಗಬೇಕು, ಗಂಟೆ ಬಾರಿಸಬೇಕು, ಜನ ಗುಡ್ಡ ಹತ್ತಬೇಕು.

ಅಮಾವಾಸ್ಯೆಗೊಮ್ಮೆ ಗಂಟೆಗೆ ಪರೀಕ್ಷೆ. ಕೆರೆ ಏರಿಯ ಮೇಲೆ ತಮಟೆ ಬಡಿದು, ಕೊಡ ಎತ್ತುತ್ತಿದ್ದರು. ಕೆಳಗೆ ‘ಢಣ್!’ ಹಳ್ಳಿಯವರು ಸಂತೋಷದಿಂದ ಗಂಟೆಗೆ ಬಾಳೆಹಣ್ಣು ಇಡುತ್ತಿದ್ದರು. ಮಂಟಪದ ಕೋತಿ ಕೆಂಚ ಅದನ್ನು ತಿನ್ನುತ್ತಿದ್ದ. ಪ್ರತಿಸಲವೂ ಗಂಟೆ ಪಾಸು!

ಒಂದು ಮಳೆಗಾಲ ಕೆರೆ ನಿಜವಾಗಿಯೂ ಉಕ್ಕಿತು. ಕೊಡ ಏರಿತು. ಗಂಟೆ ಮಾತ್ರ ತುಟಿಪಿಟಕ್ಕೆನ್ನಲಿಲ್ಲ. ದೇವರು ದೊಡ್ಡವನು, ಏರಿ ಒಡೆಯದೆ ನೀರು ಇಳಿಯಿತು.

“ಪರೀಕ್ಷೆಯಲ್ಲಿ ಗಂಟೆ ಪ್ರತಿಸಲ ಬಾರಿಸಿತಲ್ಲ ದೇವೀ, ಯಾಕೆ ಹೆದರ್ತೀ?” ಅಂದ ರಾಜ.

“ನನ್ನ ಮೊಮ್ಮಗು ಪರೀಕ್ಷೆ ದಿನ ಮಾತ್ರ ತೊಟ್ಟಿಲಲ್ಲಿ ಮಲಗುತ್ತಾ?” ಅಂದಳು ರಾಣಿ.

ಅವಳೇ ಸೆರಗು ಸಿಕ್ಕಿಸಿ ಕೆರೆ ಏರಿಯ ಮೇಲೆ ನಿಂತಳು. ಮೊದಲು, ತಮಟೆ ಬಡಿಸಿ ಕೊಡ ಎತ್ತಿಸಿದಳು. ಢಣ್! ಎರಡನೆಯದಕ್ಕೆ, ಕೊಡ ಬಿಚ್ಚಿ ದಡದಲ್ಲಿಟ್ಟು ತಮಟೆ ಬಡಿಸಿದಳು. ಢಣ್! ರಾಜನ ಮೀಸೆ ಇಳಿಬಿತ್ತು. ಮೂರನೆಯದಕ್ಕೆ, ಹಗ್ಗವನ್ನು ಯಾರೂ ಮುಟ್ಟದಂತೆ ಎಲ್ಲರನ್ನೂ ದೂರ ನಿಲ್ಲಿಸಿ, “ಸುಮ್ಮನೆ ತಮಟೆ ಬಡೀರಿ” ಅಂತ ಹೇಳಿ ತಾನು ಮಂಟಪಕ್ಕೆ ಹೋಗಿ ಕಂಬದ ಹಿಂದೆ ನಿಂತಳು.

ದೂರದಲ್ಲಿ ತಮಟೆ ಕೇಳಿತು. ಕೆಂಚ ತೊಲೆಯಿಂದ ಜಿಗಿದ. ಗಂಟೆಯ ನಾಲಿಗೆ ಹಿಡಿದು ಜೋತುಬಿದ್ದ. ಢಣ್!

“ಸಿಕ್ಕಿಬಿದ್ದೆಯಲ್ಲೋ ಕಳ್ಳ!”

ಕೆಂಚ ಅತ್ತೇಬಿಟ್ಟ. “ತಾಯೀ, ಹಗ್ಗಕ್ಕೆ ಜೋತಾಡಿದೆ, ಕಿತ್ತುಹೋಯ್ತು. ಬೈತೀರಿ ಅಂತ ಕಿತ್ತ ತುದಿ ಬಚ್ಚಿಟ್ಟೆ. ತಮಟೆ ಕೇಳಿದಾಗ ನಾನೇ ಗಂಟೆ ಬಾರಿಸಿದ್ರೆ ಎಲ್ಲರೂ ನಗ್ತಿದ್ರಿ. ನನಗೂ ಹಣ್ಣು ಸಿಗ್ತಿತ್ತು.”

“ನಿನ್ನ ಹಣ್ಣಿಗೆ ನನ್ನ ಕೂಸು ತೇಲಿಹೋಗ್ತಿತ್ತಲ್ಲೋ, ಮಂಗಣ್ಣ!” ಅಂದಳು ರಾಣಿ. ಕಿವಿ ಹಿಂಡಿದಳು. ಆಮೇಲೆ ಕಣ್ಣೂ ಒರೆಸಿದಳು.

ಹೊಸ ಹಗ್ಗ ಕಟ್ಟಿದರು. ಕೆಂಚ ರಾಣಿಯ ಸೊಂಟದ ಮೇಲೆ ಕೂತ. ಕೊಡ ಬಿಚ್ಚಿಟ್ಟು ತಮಟೆ ಬಡಿದರು. ಗಂಟೆ ಸುಮ್ಮನಿತ್ತು. ಆ ಮೌನ ಕೇಳಿ ರಾಣಿ ಮೊದಲ ಸಲ ನಕ್ಕಳು. ಮತ್ತೆ ಕೊಡ ಕಟ್ಟಿ ಎತ್ತಿದರು. ಢಣ್!

ಮುಂದಿನ ಮಳೆಗೆ ಏರಿ ಒಡೆಯಿತು. ಆದರೆ ಅದಕ್ಕೂ ಮುಂಚೆ, ತಮಟೆಯಿಲ್ಲದೆ, ಕೆಂಚನೂ ಇಲ್ಲದೆ ಗಂಟೆ ಬಾರಿಸಿತ್ತು. ಹಳ್ಳಿಗೆ ಹಳ್ಳಿಯೇ ಗುಡ್ಡ ಹತ್ತಿತ್ತು. ಗೌರಾಜಿ ಕೂಸು ಎತ್ತಿಕೊಂಡು ನಡೆದರೆ, ಕೆಂಚ ತೊಟ್ಟಿಲ ಬಟ್ಟೆ ಹೊತ್ತು ಮುಂದೆ ಓಡಿದ್ದ. ಅವತ್ತು ರಾಜ ಶಾಲು ಹೊದಿಸಿದ್ದು ರಾಣಿಗೆ.

ಅದಕ್ಕೇ ಮಕ್ಕಳೇ, ‘ಇಲ್ಲ’ ಅನ್ನಲು ಬಾರದವನ ‘ಹೌದು’ ನಂಬಬೇಡಿ. ತಪ್ಪಿದ್ದಾಗ ತಪ್ಪು ಅನ್ನುವುದೇ ಪರೀಕ್ಷೆ. ಕಥೆ ಗುಡ್ಡ ಹತ್ತಿ ಕೂತಿತು, ನೀವಿನ್ನು ಊಟಕ್ಕೆ ಏಳಿ.