ಸೀಟಿನ ಕೆಂಪು ಗೆರೆ

ಹೊಳೆದಂಡೆಯಲ್ಲಿ ಒಂದು ತಗಡಿನ ಶೆಡ್ಡು. ಅದನ್ನು ಗ್ಯಾರೇಜು ಅನ್ನುವವರಿದ್ದರು, ಆಶ್ರಮ ಅನ್ನುವವರೂ ಇದ್ದರು. ಒಳಗಿದ್ದ ಈರಸಂಗಪ್ಪ ಮಾಸ್ತರರಿಗೆ ಎರಡೂ ಒಂದೇ. ಮೂವತ್ತು ವರ್ಷದಿಂದ ಅವರದು ಒಂದೇ ಕೆಲಸ. ರೇಸಿಗೆ ಹೋಗುವ ಮಕ್ಕಳ ಮೈ ಅಳೆದು, ಆ ಅಳತೆಗೆ ಸೈಕಲ್ಲನ್ನು ಹೊಂದಿಸಿ ಕೊಡುವುದು.

ಒಂದು ಬೆಳಿಗ್ಗೆ ನೀಲಗಂಗಾ ಬಂದಳು. ಹದಿನೇಳರ ಹುಡುಗಿ. ಸೈಕಲ್ಲು ಏರಿ ಬರಬೇಕಾದವಳು ಅದನ್ನು ತಳ್ಳಿಕೊಂಡು, ಕುಂಟುತ್ತ ಬಂದಳು.

ಬಲ ಮೊಣಕಾಲಿನ ಹಿಂದೆ ಮೂರು ತಿಂಗಳಿಂದ ನೋವು. ಎಣ್ಣೆ ತಿಕ್ಕಿದ್ದಾಯಿತು, ಪಟ್ಟಿ ಕಟ್ಟಿದ್ದಾಯಿತು, ಸೀಟಿಗೆ ಮೆತ್ತನೆಯ ಕವರು ಹಾಕಿದ್ದಾಯಿತು. ತುಳಿ, ತುಳಿದರೆ ತಾನೇ ಹೋಗುತ್ತದೆ ಎಂದು ಜೊತೆಯವರು ಬುದ್ಧಿ ಹೇಳಿದರು. ತುಳಿದಳು, ಪಾಪ. ಹೋಗಲಿಲ್ಲ.

ಇನ್ನು ಹನ್ನೆರಡು ದಿನಕ್ಕೆ ರಾಜ್ಯ ತಂಡದ ಆಯ್ಕೆ. ಹೀಗೇ ತುಳಿದರೆ ಈ ವರ್ಷವಷ್ಟೇ ಅಲ್ಲ, ಯಾವ ವರ್ಷವೂ ತುಳಿಯಲಾರೆ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

“ನೋವು ತಡಕೊಳ್ಳೂದು ಹ್ಯಾಂಗಂತ ಹೇಳಿಕೊಡ್ರಿ ಮಾಸ್ತರ,” ಅಂದಳು.

“ಅದು ನನಗ ಬರೂದಿಲ್ಲವ್ವ,” ಅಂದರು ಮಾಸ್ತರರು. “ಸೈಕಲ್ ಯಾರದು?”

“ಅಕ್ಕಂದ್ರಿ.”

ಮಾಸ್ತರರಿಗೆ ಗೊತ್ತಿತ್ತು. ಅಕ್ಕ ಸುಗಲಾ ಇದೇ ಮಾಸ್ತರರ ಕೈಯಲ್ಲಿ ಪಳಗಿದವಳು, ಇದೇ ಸೈಕಲ್ಲಿನ ಮೇಲೆ ಪದಕ ತಂದವಳು. ಎರಡು ವರ್ಷದ ಹಿಂದೆ ಒಂದು ಜ್ವರ ನಾಲ್ಕೇ ದಿನದಲ್ಲಿ ಅವಳನ್ನು ಒಯ್ದುಬಿಟ್ಟಿತ್ತು.

ಆ ಸೀಮೆಯ ಸೈಕಲ್ ಮಕ್ಕಳಲ್ಲಿ ಒಂದು ರೂಢಿಯಿತ್ತು. ಪದಕ ತಂದ ಸೈಕಲ್ಲು ಮನೆಯ ಹಿರಿಯರಿಂದ ಕಿರಿಯರಿಗೆ, ಅಣ್ಣನಿಂದ ತಮ್ಮನಿಗೆ, ಅಕ್ಕನಿಂದ ತಂಗಿಗೆ ಬರುತ್ತದೆ. ಬಂದ ಮೇಲೆ ಅದರ ಸೀಟನ್ನು ಏರಿಸುವಂತಿಲ್ಲ, ಇಳಿಸುವಂತಿಲ್ಲ. ಅಲ್ಲಾಡಿಸಿದರೆ ಪದಕದ ಗುಣ ಹೋಗುತ್ತದಂತೆ. ಯಾವ ಪುಣ್ಯಾತ್ಮ ಶುರು ಮಾಡಿದನೋ, ಎಷ್ಟು ಮೊಣಕಾಲು ಹಾಳಾದವೋ.

ಸುಗಲಾ ಸೀಟಿನ ಪೈಪಿನ ಮೇಲೆ, ಅದು ಸೈಕಲ್ಲಿನ ಚೌಕಟ್ಟಿನೊಳಗೆ ಇಳಿಯುವ ಕಡೆ, ಉಗುರಿನ ಬಣ್ಣದಿಂದ ಒಂದು ಕೆಂಪು ಗೆರೆ ಎಳೆದಿದ್ದಳು. ಅದು ಅವಳ ಎತ್ತರದ ಗುರುತು. ಅವಳು ತಂಗಿಗಿಂತ ನಾಲ್ಕು ಬೆರಳು ಉದ್ದ ಇದ್ದಳು. ನೀಲಗಂಗಾ ಆ ಗೆರೆಯನ್ನು ಕೂದಲೆಳೆಯಷ್ಟೂ ಅತ್ತಿತ್ತ ಮಾಡಿರಲಿಲ್ಲ.

ಮಾಸ್ತರರು ಗೆರೆಯ ಮಾತೇ ಎತ್ತಲಿಲ್ಲ. ಮೆತ್ತನೆಯ ಕವರು ಕಿತ್ತೊಗೆದರು. ಹಿಂದಿನ ಗಾಲಿ ನೆಲಕ್ಕೆ ತಾಗದಂತೆ ಸೈಕಲ್ಲನ್ನು ಸ್ಟ್ಯಾಂಡಿಗೆ ಏರಿಸಿ, ಸೀಟಿನ ಮೇಲೆಲ್ಲ ಸೀಮೆಸುಣ್ಣದ ಪುಡಿ ಉದುರಿಸಿ, ಹತ್ತಿ ತುಳಿ ಅಂದರು.

ಅವಳು ತುಳಿದಳು. ಅವರು ಹಿಂದೆ ನಿಂತು ನೋಡಿದರು. ಹತ್ತು ನಿಮಿಷ ಕಳೆದ ಮೇಲೆ ಅವಳನ್ನು ಇಳಿಸಿ ಸೀಟು ತೋರಿಸಿದರು. ಪುಡಿ ಈ ಅಂಚಿನಿಂದ ಆ ಅಂಚಿಗೆ ಪೂರ್ತಿ ಒರೆಸಿ ಹೋಗಿತ್ತು.

“ಕುಂತಾಕಿ ಕುಂತಲ್ಲೇ ಒರಸ್ತಾಳ. ನೀ ಕುಂತೇ ಇಲ್ಲ,” ಅಂದರು. “ಪೆಡಲ್ ಎಟಕೂದಿಲ್ಲ ನಿನಗ. ಎಡಕ್ಕೊಮ್ಮೆ ಜಾರ್ತಿ, ಬಲಕ್ಕೊಮ್ಮೆ ಜಾರ್ತಿ, ಅದನ್ನ ಹುಡಕ್ಕೋತ. ಮೊಣಕಾಲು ಏನ್ ಮಾಡ್ಬೇಕವ್ವ?”

ಆಮೇಲೆ ಅಳತೆ ಶುರುವಾಯಿತು. ಬರಿಗಾಲಲ್ಲಿ ಗೋಡೆಗೆ ನಿಲ್ಲಿಸಿ ಅಳೆದರು. ಮತ್ತೆ ಹತ್ತಿಸಿ, ದಾರದ ತುದಿಗೆ ನಟ್ಟು ಕಟ್ಟಿ ಮೊಣಕಾಲಿನಿಂದ ಪೆಡಲಿಗೆ ಇಳಿಬಿಟ್ಟು ನೋಡಿದರು. ಕೈ ಮರಗಟ್ಟುತ್ತದೆಯೇ ಎಂದು ಕೇಳಿದರು. ಹೌದು ಅಂದಳು, ಇಷ್ಟು ದಿನ ಅದನ್ನು ಯಾರಿಗೂ ಹೇಳಿರಲಿಲ್ಲ. ಹ್ಯಾಂಡಲ್ಲನ್ನು ಅವಳ ತೋಳಿಗೆ ಹತ್ತಿರ ತಂದರು.

ಕೊನೆಗೆ ಸೀಟು ಎರಡು ಬೆರಳು ಇಳಿಯಬೇಕು ಎಂದು ಹೇಳಿ, ನಟ್ಟು ಬಿಚ್ಚುವ ಕೀಲಿಯನ್ನು ಅವಳ ಕೈಗೇ ಕೊಟ್ಟರು.

ನೀಲಗಂಗಾ ಕೆಂಪು ಗೆರೆಯ ಮೇಲೆ ಅಂಗೈ ಮುಚ್ಚಿದಳು.

“ಇದು ಅಕ್ಕ ತನ್ನ ಕೈಯಾರೆ ಎಳದ ಗೆರಿ ರೀ. ಅಕಿ ಉಡೂ ಅರಿವಿ ಯಾರ‍್ಯಾರಿಗೋ ಕೊಟ್ಟಬಿಟ್ರು. ನನಗ ಉಳದದ್ದು ಇದೊಂದ. ಇದನ್ನೂ ಸರಿಸಿದ್ರ ಅಕಿ ಪೂರಾ ಹೋಗಿಬಿಡ್ತಾಳ.”

ಹಾಗಂದವಳೇ ಅತ್ತಳು. ಎರಡು ವರ್ಷದ ಅಳು ಅದು, ಬೇಗ ಮುಗಿಯುವಂಥದ್ದಲ್ಲ. ಮಾಸ್ತರರು ಸಮಾಧಾನ ಹೇಳಲು ಹೋಗಲಿಲ್ಲ.

ಅಳು ತಗ್ಗಿದ ಮೇಲೆ ಒಂದು ಅರಿವೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಕೆಂಪು ಗೆರೆಯ ಮೇಲ್ಭಾಗದ ಪೈಪನ್ನು ಮೆಲ್ಲಗೆ ಒರೆಸಿದರು. ಧೂಳು ಹೋಗಿ ಮಸುಕಾದ ಎರಡು ಗೆರೆ ಕಂಡವು. ನೀಲಗಂಗಾ ಇಷ್ಟು ದಿನ ಅವನ್ನು ತುಕ್ಕು ಅಂದುಕೊಂಡಿದ್ದಳು.

ಮಾಸ್ತರರು ಸುಗಲಾಳ ಕಥೆ ಹೇಳಿದರು. ಹದಿನಾಲ್ಕರಲ್ಲಿ ಬಂದಿದ್ದಳಂತೆ, ಸೋದರಮಾವ ಪದಕ ತಂದ ಸೈಕಲ್ಲಿನ ಮೇಲೆ, ಇದೇ ಸೈಕಲ್ಲು. ಅವಳಿಗೂ ನೋವು, ಅವಳದೂ ಇದೇ ಹಟ. ಮೂರು ದಿನ ಜಗಳಾಡಿ ನಾಲ್ಕನೆಯ ದಿನ ಸೀಟು ಇಳಿಸಲು ಒಪ್ಪಿ, ಮೊದಲ ಗೆರೆ ಎಳೆದಳು. ಬೆಳೆದಂತೆ ಮತ್ತೆ ಬಂದಳು, ಮತ್ತೆ ಅಳತೆ, ಮತ್ತೊಂದು ಗೆರೆ. ಹದಿನೇಳರದು ಎರಡನೆಯದು. ಕೆಂಪಾಗಿ ಉಳಿದದ್ದು ಮೂರನೆಯದು.

“ಎರಡ ಸಲ ತಾನ ಅಳಿಸ್ಯಾಳ ನಿಮ್ಮಕ್ಕ,” ಅಂದರು. “ಅಳಿಸುವಾಗ ನಗತಿದ್ಲು.”

ಇಷ್ಟು ಹೇಳಿ ಹೊರಗೆ ಹೋಗಿ ಕಲ್ಲಿನ ಮೇಲೆ ಕೂತರು. ಬಾ ಅನ್ನಲಿಲ್ಲ, ಬೇಗ ಮಾಡು ಅನ್ನಲಿಲ್ಲ. ಬಿಸಿಲು ಹೊಳೆಯಿಂದ ಶೆಡ್ಡಿನ ಬಾಗಿಲಿಗೆ ಬಂತು.

ಒಳಗೆ ನಟ್ಟು ಸಡಿಲಾದ ಸದ್ದು ಕೇಳಿ ಎದ್ದು ಬಂದರು. ನೀಲಗಂಗಾ ಎರಡೂ ಕೈಯಿಂದ ಸೀಟು ಒತ್ತುತ್ತಿದ್ದಳು. ಕೆಂಪು ಗೆರೆ ಮೆಲ್ಲಗೆ ಚೌಕಟ್ಟಿನೊಳಗೆ ಇಳಿದು ಕಾಣದಾಯಿತು. ಅವಳು ತುಟಿ ಕಚ್ಚಿಕೊಂಡಳು, ಕೈ ಮಾತ್ರ ತೆಗೆಯಲಿಲ್ಲ. ಮಾಸ್ತರರು ಅಳತೆ ಹಿಡಿದು ನೋಡಿ, ಸಾಕು, ಬಿಗಿ ಮಾಡು ಅಂದರು.

ಮತ್ತೆ ಸೀಮೆಸುಣ್ಣದ ಪುಡಿ, ಮತ್ತೆ ಹತ್ತು ನಿಮಿಷ. ಈ ಸಲ ಸೀಟಿನ ನಡುವೆ ಕೂತಷ್ಟೇ ಜಾಗ ಒರೆಸಿ ಹೋಗಿತ್ತು, ಎರಡೂ ಅಂಚಿನಲ್ಲಿ ಪುಡಿ ಹಾಗೇ ಇತ್ತು. ಮೊಣಕಾಲಿನ ಹಿಂದೆ ಚುಚ್ಚುವುದು ನಿಂತಿತ್ತು. ನೀಲಗಂಗಾ ನಂಬಲಾರದೆ ಇನ್ನೂ ಐದು ನಿಮಿಷ ತುಳಿದಳು.

ಮಾಸ್ತರರು ಎಚ್ಚರಿಸಿದರು. ಮೂರು ತಿಂಗಳ ನೋವು ಒಂದೇ ದಿನಕ್ಕೆ ಹೋಗುವುದಿಲ್ಲ, ಒಂದು ವಾರ ಹಗುರಾಗಿ ತುಳಿಯಬೇಕು, ಏರು ಹತ್ತಬಾರದು. ಅವಳು ಎಲ್ಲಕ್ಕೂ ತಲೆಯಾಡಿಸಿದಳು. ಕಣ್ಣು ಮಾತ್ರ ಪೈಪಿನ ಮೇಲಿತ್ತು.

ಸುಗಲಾ ಹದಿನೇಳರಲ್ಲಿ ಎಳೆದ ಮಸುಕು ಗೆರೆ ಈಗ ಚೌಕಟ್ಟಿನ ಬಾಯಿಗೆ ತೀರ ಹತ್ತಿರ ಬಂದಿತ್ತು. ನಡುವೆ ಉಳಿದದ್ದು ಒಂದು ಜೋಳದ ಕಾಳಿನಷ್ಟು ಜಾಗ.

“ಮಾಸ್ತರ, ಇನ್ನೊಂದ ಕಾಳಷ್ಟ ಇಳಿಸಿದ್ರ ಅಕ್ಕನ ಗೆರಿಗೇ ಕೂಡತೈತ್ರಿ. ಇಳಿಸ್ಲೇನ್ರಿ?”

ಮಾಸ್ತರರು ಅವಳ ಕೈಯಿಂದ ಕೀಲಿ ತಗೊಂಡು ಪೆಟ್ಟಿಗೆಯಲ್ಲಿ ಇಟ್ಟರು.

“ಬ್ಯಾಡ. ಆ ಒಂದು ಕಾಳಷ್ಟ ಐತೆಲ್ಲವ್ವ, ಅದು ನೀನು.”