ರಾತ್ರಿಯ ಎಲೆ

೧೯೯೧ರ ಮಾರ್ಚ್ ೧೨, ಮಂಗಳವಾರ. ನನ್ನ ಡೈರಿಯಲ್ಲಿ ಅಂದು ಒಂದೇ ಸಾಲು: "ಆಶ್ರಮದಲ್ಲಿ ಇಂದು ರಾತ್ರಿಯೂ ಗುರುಗಳಿಗೆ ಎಲೆ ಹಾಕಿದರು." ಅದರ ಕಥೆ ಇದು.

ಶಿಷ್ಯ ಸಂಗಯ್ಯನ ಹೊಟ್ಟೆಯಲ್ಲಿ ಗಡ್ಡೆ ಬೆಳೆದಿತ್ತು. ಕೊಯ್ದು ತೆಗೆಯದಿದ್ದರೆ ಉಳಿಗಾಲವಿಲ್ಲ. ಆದರೆ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಅವನನ್ನು ವಾಪಸು ಕಳಿಸಿಬಿಟ್ಟರು.

ಅವನು ನೇರ ಹೊಳೆಯ ದಂಡೆಯ ಆಶ್ರಮಕ್ಕೆ ಬಂದು ಗುರುಗಳೆದುರು ಕುಸಿದು ಕೂತ.

"ರಕ್ತದಲ್ಲಿ ಆಲ್ಬುಮಿನ್ ಅನ್ನೋ ಸತ್ವ ಕಮ್ಮಿಯಂತೆ ಗುರುಗಳೇ. ಈಗ ಕೊಯ್ದರೆ ಗಾಯ ಕೂಡೋದೇ ಅನುಮಾನವಂತೆ. ಚೆನ್ನಾಗಿ ಉಂಡು ಬಾ ಅಂದ್ರು."

"ಉಣ್ಣು."

"ನಾನು ಒಪ್ಪತ್ತಿನವನು! ನಿಮ್ಮನ್ನ ನೋಡಿಯೇ ಹಿಡಿದ ವ್ರತ. ಹಸಿವು ಗೆದ್ದವನೇ ಗಟ್ಟಿ ಅಂದಿದ್ರಿ. ರಕ್ತ ಬೇರೆಯೇ ಹೇಳುತ್ತೆ. ಯಾರ ಮಾತು ನಂಬಲಿ?"

ಗುರುಗಳು ರಾತ್ರಿ ಎರಡು ಎಲೆ ಹಾಕಿಸಿ, ಒಂದರ ಮುಂದೆ ತಾವೇ ಕುಳಿತರು. ಮೂವತ್ತು ವರ್ಷ ರಾತ್ರಿ ಅನ್ನ ಮುಟ್ಟದವರು.

"ಕೂತ್ಕೋ. ಒಬ್ಬನೇ ಉಣ್ಣೋಕೆ ಬೇಜಾರು."

ಸಂಗಯ್ಯ ತಲೆ ತಗ್ಗಿಸಿ ಹೆಸರುಕಾಳಿನ ಸಾರು, ಮೊಸರನ್ನ ಉಂಡ. ಮರುದಿನವೂ ಉಂಡ. ವಾರ ಕಳೆದು ಮತ್ತೆ ಪರೀಕ್ಷೆಗೆ ರಕ್ತ ಕೊಟ್ಟ. ಆಲ್ಬುಮಿನ್ನಿನ ಅಂಕಿ ಕದಲಿರಲಿಲ್ಲ.

"ಉಪವಾಸ ಇದ್ದರೂ ತಪ್ಪು, ಉಂಡರೂ ಅಷ್ಟೇ! ನನಗೆ ತಲೆಬುಡ ಅರ್ಥವಾಗ್ತಿಲ್ಲ."

ಗುರುಗಳು ಹೊಳೆಯ ಕಡೆ ಕೈ ತೋರಿಸಿದರು. ಬಿಸಿಲು ಸುಡುತ್ತಿತ್ತು, ನೀರು ಮಾತ್ರ ಕೆಂಪಗೆ ಹರಿಯುತ್ತಿತ್ತು.

"ಇಲ್ಲಿ ಮಳೆ ಬಂತೇನೋ?"

"ಇಲ್ಲ. ಯಾವತ್ತೋ ಮೇಲೆಲ್ಲೋ ಬಂದಿರಬೇಕು."

"ನಿನ್ನ ರಕ್ತವೂ ಯಾವತ್ತಿನದೋ ಊಟದ ಮಾತಾಡ್ತಿದೆ. ನಡಿ, ಎಲೆ ಹಾಕು."

ಆಮೇಲೆ ಅಂಕಿ ಕೊಂಚ ಏರಿತು, ಸಾಕೆನ್ನುವಷ್ಟಲ್ಲ. ಗಡ್ಡೆ ಇನ್ನು ಕಾಯುವಂತಿರಲಿಲ್ಲ. ಡಾಕ್ಟರು ಕೊಯ್ದರು. ಗಾಯ ಒಂದು ಮೂಲೆಯಲ್ಲಿ ಕೀವಾಯಿತು, ಸತಾಯಿಸಿತು, ಕೊನೆಗೆ ಕೂಡಿತು.

ಆಶ್ರಮಕ್ಕೆ ಮರಳಿದ ಸಂಗಯ್ಯನಿಗೆ ಗೊಂದಲ ಹಾಗೇ ಇತ್ತು.

"ಗಾಯ ಕೂಡಲ್ಲ ಅಂತ ಅಂಕಿ ಅಂದಿತ್ತು, ಕೂಡಿತು. ಕೂಡೋ ಮುಂಚೆ ಕೀವೂ ಆಯಿತು. ಅಂಕಿ ನಿಜವೋ ಸುಳ್ಳೋ? ನನ್ನ ಉಳಿಸಿದ್ದು ಊಟವೋ, ನಿಮ್ಮ ಆಶೀರ್ವಾದವೋ?"

"ನನಗೂ ಗೊತ್ತಿಲ್ಲ ಕಣಪ್ಪ."

"ಹೋಗಲಿ, ನೀವಿನ್ನು ನಿಮ್ಮ ಒಪ್ಪತ್ತಿಗೆ ಮರಳಬಹುದಲ್ಲ?"

ಗುರುಗಳು ಎಲೆಗೆ ನೀರು ಚಿಮುಕಿಸಿ ಒರೆಸಿದರು.

"ನಿನ್ನೆ ಉಣ್ಣದೆ ಇರೋಕೆ ನೋಡಿದೆ. ಕತ್ತಲಾಗುತ್ತಲೇ ಹೊಟ್ಟೆ ಚುರುಗುಟ್ಟಿತು. ಮೂವತ್ತು ವರ್ಷದ ವ್ರತ ಹೋಯಿತು, ಅಷ್ಟೇ. ಮೊಸರು ಈ ಕಡೆ ತಾ."